ನಮ್ಮ 407 ಮತ್ತು ಗೌಂಡಿಯ ಲೆವೆಲ್ ಪೈಪು

ನಮ್ಮ ಟಾಟಾ 407 ಗಾಡಿ 1998ರ ಮಾಡೆಲ್. ತಿಕೋಟಾದ ಒಣದ್ರಾಕ್ಷಿ, ಇಂಡಿ ತಾಲೂಕಿನ ಲಿಂಬೆಹಣ್ಣು, ಅದ್ಯಾವುದೂ ಇಲ್ಲದ ದಿನ ಜೋಳದ ಕಣಿಕೆ. ಹೀಗೆ ವಿಜಯಪುರದ ಸುತ್ತಮುತ್ತ ಬಾಡಿಗೆ ಹೊಡೆಯುತ್ತೇನೆ. ಓಡಿಸುವವನೂ ನಾನೇ, ಈಗೀಗ ಸಣ್ಣಪುಟ್ಟ ರಿಪೇರಿ ಮಾಡುವವನೂ ನಾನೇ. ರಿಪೇರಿ ಕಲಿತದ್ದು ಹುಮ್ಮಸ್ಸಿನಿಂದ ಅಲ್ಲ, ದುಡ್ಡು ಕಳಕೊಂಡು.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಶುರುವಾಯ್ತು. ಬೆಳಿಗ್ಗೆ ಐದಕ್ಕೆ ಸೆಲ್ಫ್ ಹೊಡೆದರೆ ಇಂಜಿನ್ ಗುರ್... ಗುರ್... ಅಂತ ಎಳೆದಾಡಿ ತಿರುಗುವುದು. ಮನೆ ಮುಂದಿನವರೆಲ್ಲ ಎದ್ದು ಬಂದು ನೂಕಬೇಕು. ಒಮ್ಮೆ ಚಾಲೂ ಆಯ್ತೆಂದರೆ ದಿನವಿಡೀ ತಕರಾರು ಇಲ್ಲ. ಎಲ್ಲರೂ ಬ್ಯಾಟರಿ ಅಂದರು. ಹೊಸದು ಹಾಕಿಸಿದೆ. ನಾಲ್ಕು ದಿನ ಚೆನ್ನಾಗಿತ್ತು, ಮತ್ತೆ ಅದೇ. ಸೆಲ್ಫ್ ಮೋಟಾರ್ ಬಿಚ್ಚಿಸಿ ಕಾರ್ಬನ್ ಬ್ರಷ್ ಬದಲಾಯಿಸಿದೆ. ಅದೂ ಅಷ್ಟೇ. ಕೊನೆಗೆ ಒಂದು ಗ್ಯಾರೇಜಿನಲ್ಲಿ, "ಡೀಸೆಲ್ ಪಂಪ್ ಬಿಚ್ಚಬೇಕ್ರೀ, ಹದಿನೈದು ಸಾವಿರ ಇಟ್ಕೊಳ್ರಿ" ಅಂದರು.

ಅಷ್ಟು ದುಡ್ಡು ಎಲ್ಲಿಂದ ತರಲಿ? ನಮ್ಮ ಓಣಿಯಲ್ಲಿ ಒಬ್ಬ ಹಳೇ ಮೇಸ್ತ್ರಿ ಚಾಚಾ ಇದ್ದಾರೆ. ಈಗ ಕಣ್ಣು ಮಂಜು, ಕೆಲಸ ಬಿಟ್ಟಿದ್ದಾರೆ. ಅವರ ಹತ್ತಿರ ಹೋಗಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಿಂದ ಹೊಗಿ ಬರ್ತದೇನಪಾ?"

ನಾನು ನೋಡಿಯೇ ಇರಲಿಲ್ಲ. ಮರುದಿನ ಮಗನನ್ನು ಹಿಂದೆ ನಿಲ್ಲಿಸಿದೆ. ಹೊಗೆ ಒಂದು ಎಳೆಯೂ ಇಲ್ಲ. ಚಾಚಾ ಹೇಳಿದ ಲೆಕ್ಕ ಇದು: ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗಿದೆ, ಸುಡುತ್ತಿಲ್ಲ. ಹೊಗೆಯೇ ಬರದಿದ್ದರೆ ಡೀಸೆಲ್ ಅಲ್ಲಿಗೆ ಮುಟ್ಟಿಯೇ ಇಲ್ಲ. ಆದರೆ ಅದಕ್ಕೂ ಮೊದಲು ಇಂಜಿನ್ ಯಾಕೆ ಎಳೆದಾಡಿ ತಿರುಗುತ್ತದೆ ಅನ್ನುವುದನ್ನು ನೋಡು ಅಂದರು. ಎರಡು ರೋಗ ಒಟ್ಟಿಗೆ ಇದ್ದವು. ನಾವು ಒಂದೇ ಅಂದುಕೊಂಡು ಔಷಧ ಕೊಡುತ್ತಿದ್ದೆವು.

ಮುನ್ನೂರು ರೂಪಾಯಿಯ ಮಲ್ಟಿಮೀಟರ್ ತಂದೆ. ಮುಳ್ಳನ್ನು ಡಿಸಿ 20 ವೋಲ್ಟಿಗೆ ಇಟ್ಟೆ. ಗಾಡಿ ಸುಮ್ನೆ ನಿಂತಾಗ ಬ್ಯಾಟರಿ 12.6, ಅಂದರೆ ತುಂಬಿದೆ. ಆಮೇಲೆ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ, ಕೆಂಪು ಕಡ್ಡಿಯನ್ನು ಇಂಜಿನ್ ಬ್ಲಾಕಿನ ಬರಿ ಕಬ್ಬಿಣದ ಮೇಲೆ ಒತ್ತಿ ಹಿಡಿದೆ. ಮಗ ಸೆಲ್ಫ್ ಹೊಡೆದ. ಮೀಟರ್ 1.8 ತೋರಿಸಿತು. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಅಂದರೆ ಬ್ಯಾಟರಿಯಿಂದ ಹೊರಟ ಕರೆಂಟಿಗೆ ವಾಪಸ್ ಬರುವ ದಾರಿ ಕೆಟ್ಟಿದೆ. ಸೆಲ್ಫಿಗೆ ಸಿಗಬೇಕಾದ ವೋಲ್ಟು ಆ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಆ ದಾರಿಯಲ್ಲಿ ಚಾಸಿಗೂ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೂ, ಇಂಜಿನ್ನಿಗೂ ನಡುವೆ ಇರುವ ಅರ್ಥಿಂಗ್ ಪಟ್ಟಿ ಬಿಚ್ಚಿದೆ. ಬೋಲ್ಟಿನ ಕೆಳಗೆ ಹಸಿರು ಹುಡಿ, ಅದರ ಕೆಳಗೆ ತುಕ್ಕು, ಅದರ ಕೆಳಗೆ ಯಾರೋ ಹೊಡೆದ ಬಣ್ಣ! ಪಾಲಿಶ್ ಪೇಪರ್ ಹಾಕಿ ಕಬ್ಬಿಣ ಹೊಳೆಯುವ ತನಕ ತಿಕ್ಕಿ, ಹೊಸ ಪಟ್ಟಿ ಹಾಕಿ, ಮೇಲೆ ಗ್ರೀಸ್ ಸವರಿದೆ. ಮೀಟರ್ 0.2ಕ್ಕೆ ಇಳಿಯಿತು. ಇಂಜಿನ್ ಈಗ ಗಿರಗಿರ ತಿರುಗಿತು. ಏಳು ಸಾವಿರದ ಬ್ಯಾಟರಿ ನೆನಪಾಗಿ ಹೊಟ್ಟೆ ಉರಿಯಿತು.

ಆದರೂ ಬೆಳಿಗ್ಗೆ ಬೇಗ ಹಿಡಿಯುತ್ತಿರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಮೇಲಿನ ಕೈಪಂಪನ್ನು ಹತ್ತು ಹದಿನೈದು ಸಲ ಒತ್ತಿ ಸೆಲ್ಫ್ ಹೊಡೆದರೆ ತಕ್ಷಣ ಚಾಲೂ. ಅಲ್ಲಿಗೆ ಗೊತ್ತಾಯ್ತು, ಗಾಡಿ ಏರ್ ಹಿಡಿಯುತ್ತಿದೆ. ರಾತ್ರಿ ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದು, ಆ ಜಾಗದಲ್ಲಿ ಗಾಳಿ ಕೂರುತ್ತದೆ. ಇದರ ತಮಾಷೆ ಏನೆಂದರೆ, ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಪಂಪು ಡೀಸೆಲ್ಲನ್ನು ಹೀರುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಬರುತ್ತದೆ. ಕೆಳಗೆ ಒಂದು ಹನಿಯೂ ಕಾಣುವುದಿಲ್ಲ. ಹಾಗಾಗಿಯೇ ಎಲ್ಲರೂ ದೊಡ್ಡ ಡೀಸೆಲ್ ಪಂಪಿನ ಮೇಲೆ ಅನುಮಾನ ಪಡುತ್ತಾರೆ.

ಎದುರು ಮನೆ ಕಟ್ಟುತ್ತಿದ್ದ ಗೌಂಡಿಯ ಹತ್ತಿರ ಲೆವೆಲ್ ಪೈಪಿನ ಎರಡು ಮೊಳ ತುಂಡು ಕೇಳಿ ತಂದೆ. ನೀರಿನ ಮಟ್ಟ ನೋಡುವ ಆ ಗಾಜಿನಂಥ ಪ್ಲಾಸ್ಟಿಕ್ ಪೈಪು. ಮೊದಲು ಅದನ್ನು ಚಾಸಿಯ ಮೇಲಿನ ಚಿಕ್ಕ ಫಿಲ್ಟರಿಗೂ ಫೀಡ್ ಪಂಪಿಗೂ ನಡುವೆ ಕ್ಲಿಪ್ ಹಾಕಿ ಬಿಗಿದೆ. ಇಂಜಿನ್ ಓಡುವಾಗ ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೋಗುತ್ತಿವೆ. ಆಮೇಲೆ ಟ್ಯಾಂಕಿಗೂ ಆ ಫಿಲ್ಟರಿಗೂ ನಡುವೆ ಹಾಕಿದೆ. ಒಂದೂ ಗುಳ್ಳೆ ಇಲ್ಲ. ಕಳ್ಳ ನಡುವೆಯೇ ಇದ್ದಾನೆ, ಅಲ್ವಾ? ಫಿಲ್ಟರಿನ ಬೋಲ್ಟ್ ಬಿಚ್ಚಿದೆ. ತಾಮ್ರದ ವಾಷರಿನ ಮೇಲೆ ಉಗುರಿಗೆ ತಾಗುವಂಥ ಗೆರೆ ಬಿದ್ದಿತ್ತು. ವರ್ಷಗಟ್ಟಲೆ ಅದನ್ನೇ ಮತ್ತೆ ಮತ್ತೆ ಬಿಗಿದು ಗಟ್ಟಿಯಾಗಿತ್ತು.

ಅವತ್ತು ಭಾನುವಾರ, ಅಂಗಡಿ ಬಂದ್. ಚಾಚಾ ವಾಷರನ್ನು ಒಲೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ನೀರಿಗೆ ಅದ್ದಲು ಹೇಳಿದರು. ಉಕ್ಕಿಗೆ ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಗೆರೆಯನ್ನು ಗಾಜಿನ ಮೇಲಿಟ್ಟ ಪಾಲಿಶ್ ಪೇಪರಿನಲ್ಲಿ ಉಜ್ಜಿ ತೆಗೆದು, ಅದೇ ವಾಷರ್ ಮತ್ತೆ ಹಾಕಿದೆ. ಸೋಮವಾರ ಹೊಸ ವಾಷರ್ ತಂದೆ, ಇಪ್ಪತ್ತು ರೂಪಾಯಿ. ಫೀಡ್ ಪಂಪಿನ ಆಚೆಗಿರುವ ದೊಡ್ಡ ಫಿಲ್ಟರಿನ, ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಬರಿ ಡೀಸೆಲ್ ಬರುವ ತನಕ ಕೈಪಂಪ್ ಒತ್ತಿ, ಮತ್ತೆ ಬಿಗಿದೆ. ಲೆವೆಲ್ ಪೈಪನ್ನು ಮಾತ್ರ ತೆಗೆದುಬಿಟ್ಟೆ. ಡೀಸೆಲ್ಲಿಗೆ ಅದು ಬೇಗ ಗಡುಸಾಗಿ ಬಿರಿಯುತ್ತದೆ.

ಬೇಸಿಗೆಯಲ್ಲಿ ಕೊಲ್ಹಾರದ ಸೇತುವೆ ದಾಟುವಾಗ ಗಾಡಿ ಕುದಿದದ್ದು ಬೇರೆ ಕಥೆ. ಅವತ್ತು ಅಲ್ಲಿಯ ಮಣ್ಣಿನ ಗಡಿಗೆಯ ಮೊಸರು ತರಲು ಹೋಗಿ ಎರಡು ತಾಸು ಬಿಸಿಲಿಗೆ ನಿಂತೆ. ರೇಡಿಯೇಟರಿನ ಮುಂದೆ ಕಣಿಕೆಯ ಹೊಟ್ಟು, ಒಳಗೆ ನಮ್ಮ ಬೋರ್ ನೀರಿನ ಸುಣ್ಣ. ಇಂಜಿನ್ ಕಡೆಯಿಂದ ಮುಂದಕ್ಕೆ ನೀರು ಹೊಡೆದು ಹೊಟ್ಟು ತೆಗೆದೆ. ಒಳಗಿನ ಸುಣ್ಣಕ್ಕೆ ರೇಡಿಯೇಟರ್ ಅಂಗಡಿಯಲ್ಲಿ ರಾಡ್ ಹೊಡೆಸಬೇಕಾಯ್ತು, ಅಂದರೆ ಕೊಳವೆಗಳೊಳಗೆ ಕಡ್ಡಿ ತೂರಿಸಿ ಕೆರೆಸಬೇಕಾಯ್ತು. ಆಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ. ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಥರ್ಮೋಸ್ಟಾಟ್ ಕಿತ್ತೊಗಿ ಅಂದವರ ಮಾತು ಕೇಳಲಿಲ್ಲ. ಇಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಡೀಸೆಲ್ ಜಾಸ್ತಿ ಕುಡಿಯುತ್ತದೆ. ನೀರಿನ ಪಾತ್ರೆಯಲ್ಲಿ ಕಾಯಿಸಿ ನೋಡಿದೆ, ಬಾಯಿ ಸರಿಯಾಗಿ ತೆರೆಯಿತು. ಹಾಗೇ ಹಾಕಿದೆ.

ಈಗ ಉಳಿದಿರುವುದು ಎರಡನೇ ಗೇರಿಗೆ ಹಾಕುವಾಗ ಬರುವ ಕರ್ ಅನ್ನುವ ಸದ್ದು. ಅಮಾವಾಸ್ಯೆ ದಿನ ಹೇಗೂ ಪೂಜೆ ಮಾಡಿ ಗಾಡಿ ನಿಲ್ಲಿಸುತ್ತೇನೆ. ಮೊದಲು ಕ್ಲಚ್ ಪೆಡಲಿನ ಆಟ, ಅಂದರೆ ಕ್ಲಚ್ ಕೆಲಸ ಶುರುಮಾಡುವ ಮೊದಲು ಪೆಡಲು ಸುಮ್ನೆ ಇಳಿಯುವ ದೂರ, ಎಷ್ಟಿದೆ ಅಂತ ಸ್ಕೇಲ್ ಇಟ್ಟು ನೋಡಬೇಕು, ಗೇರ್‌ಬಾಕ್ಸ್ ಮಾತು ಆಮೇಲೆ.