ದಪ್ಪಗಾದ ಹೃದಯದಲ್ಲಿ ರಿಸೆಪ್ಟರ್ ಅಳೆದದ್ದು

ಬಿಪಿ ಜಾಸ್ತಿ ಇರುವವರ ಹೃದಯದ ಗೋಡೆ ದಪ್ಪಗಾಗುತ್ತದೆ. ಒತ್ತಡದ ಎದುರು ದುಡಿದು ದುಡಿದು ಹಾಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಿಪಿ ಏರಿಸುವ ಆಂಜಿಯೋಟೆನ್ಸಿನ್ ಹಾರ್ಮೋನಿನ ಪಾಲೂ ಅದರಲ್ಲಿದೆ. 2002ರ ಲೈಫ್ ಅಧ್ಯಯನದಲ್ಲಿ ಲೋಸಾರ್ಟಾನ್, ಅಟೆನೊಲಾಲ್ ಎಂಬ ಎರಡು ಬಿಪಿ ಮಾತ್ರೆಗಳೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಸಮ ಇಳಿಸಿದವು. ಆದರೆ ಇಸಿಜಿಯಲ್ಲಿ ಕಾಣುವ ಹೃದಯದ ದಪ್ಪ ಲೋಸಾರ್ಟಾನ್ ತಗೊಂಡವರಲ್ಲೇ ಜಾಸ್ತಿ ಇಳಿಯಿತು. ಕೋಶದ ಪೊರೆಯಲ್ಲಿ ಆಂಜಿಯೋಟೆನ್ಸಿನ್ ಬಂದು ಕೂರುವ ಎಟಿ1 ರಿಸೆಪ್ಟರನ್ನು ಲೋಸಾರ್ಟಾನ್ ತಡೆಯುತ್ತದೆ. ಪಿಎಚ್‌ಡಿಯಲ್ಲಿ ನಾನು ಅಳೆದದ್ದು ಆ ರಿಸೆಪ್ಟರನ್ನೇ.

ನಮ್ಮವು ಎಸ್‌ಎಚ್‌ಆರ್ ತಳಿಯ ಇಲಿಗಳು. ಕ್ಯೋಟೋದ ಒಕಮೊಟೊ ಮತ್ತು ಅಓಕಿ 1963ರಲ್ಲಿ ವರದಿ ಮಾಡಿದ ತಳಿ. ಬೆಳೆಯುತ್ತಾ ಇವಕ್ಕೆ ತಾನಾಗಿಯೇ ಬಿಪಿ ಏರುತ್ತದೆ. ಬಾಲಕ್ಕೆ ಪಟ್ಟಿ ಸುತ್ತಿ ನೋಡುತ್ತೇವೆ. ಹೆದರಿದ ಇಲಿಯ ಬಿಪಿ ಸುಮ್ನೆ ಏರಿಬಿಡುತ್ತದೆ. ಹಾಗಾಗಿ ಮೊದಲು ದಿನಾ ಕೊಳವೆಯಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದೆ. ಹೃದಯದ ತೂಕವನ್ನು ಮೈತೂಕಕ್ಕಿಂತ ಕಾಲಿನ ಟಿಬಿಯಾ ಮೂಳೆಯ ಉದ್ದಕ್ಕೆ ಹೋಲಿಸುವುದು ಮೇಲು. ಇಲಿ ಸೊರಗಿದರೂ ಮೂಳೆ ಗಿಡ್ಡ ಆಗುವುದಿಲ್ಲ ಅಲ್ವಾ?

ರಿಸೆಪ್ಟರ್ ಅಳೆಯಲು ಸುಲಭದ ದಾರಿ ಅಂದರೆ ಅದಕ್ಕೆ ಮಾತ್ರ ಅಂಟಬೇಕಾದ ಆಂಟಿಬಾಡಿ. ಎಟಿ1 ವಿಷಯದಲ್ಲಿ ನಾನು ಅದನ್ನು ನಂಬುವುದಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಹಲವು ಆಂಟಿಬಾಡಿಗಳು ಎಟಿ1 ಜೀನನ್ನೇ ತೆಗೆದ ಸುಂಡಿಲಿಗಳಲ್ಲೂ ಎಟಿ1 ಇದೆ ಎನ್ನುವ ಅದೇ ಗೆರೆ ತೋರಿಸಿವೆ. ಇಲ್ಲದ ರಿಸೆಪ್ಟರನ್ನು ತೋರಿಸಿದರೆ ಹೇಗೆ?

ಅದಕ್ಕೇ ಹಳೆಯ ವಿಧಾನ ಹಿಡಿದೆ. ಹೃದಯದ ಎಡಭಾಗವನ್ನು ಅರೆದು, ಕೋಶದ ಪೊರೆಗಳನ್ನು ಬೇರೆ ಮಾಡಿ, ವಿಕಿರಣ ಸೂಸುವ ಅಯೋಡಿನ್-125 ಸೇರಿಸಿದ, ಆಂಜಿಯೋಟೆನ್ಸಿನ್‌ನಂತೆ ರಿಸೆಪ್ಟರಿಗೆ ಅಂಟುವ ಪೆಪ್ಟೈಡ್ ಹಾಕಬೇಕು. ಪಕ್ಕದ ಟ್ಯೂಬಿಗೆ ಪೆಪ್ಟೈಡ್ ಜೊತೆ ಎಟಿ1 ತಡೆಯುವ ಲೋಸಾರ್ಟಾನ್ ಕೂಡ. ಎರಡರಲ್ಲಿ ಅಂಟಿಕೊಂಡ ಪೆಪ್ಟೈಡಿನ ವ್ಯತ್ಯಾಸವೇ ಎಟಿ1. ಅಯೋಡಿನ್-125ರ ಶಕ್ತಿ ಸುಮಾರು 60 ದಿನಕ್ಕೆ ಅರ್ಧ ಆಗುತ್ತದೆ. ಇಲಿಗಳ ವಯಸ್ಸು ನೋಡಿಕೊಂಡು ಆರ್ಡರ್ ಮಾಡಿ.

ಆದರೆ ಅರೆದ ಮೇಲೆ ರಿಸೆಪ್ಟರ್ ಯಾವ ಕೋಶದ್ದು ಅಂತ ಗೊತ್ತಾಗುವುದಿಲ್ಲ. ನನಗೆ ಇದೇ ಮುಖ್ಯ ಪ್ರಶ್ನೆ. ಸ್ನಾಯುಕೋಶಗಳು ಸಂಖ್ಯೆಯಲ್ಲಿ ಹೆಚ್ಚಾಗುವುದಕ್ಕಿಂತ ಒಂದೊಂದೂ ದಪ್ಪಗಾಗುತ್ತವೆ. ಅವುಗಳ ನಡುವಿನ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಕೊಲಾಜೆನ್ ನಾರು ಸುರಿಸಿ ಗೋಡೆಯನ್ನು ಗಟ್ಟಿ ಮಾಡುತ್ತವೆ. ಇಲಿಯ ಹೃದಯದಲ್ಲಿ ಎಟಿ1 ಹೆಚ್ಚಿರುವುದು ಈ ಫೈಬ್ರೋಬ್ಲಾಸ್ಟ್‌ಗಳಲ್ಲೇ. ಹಾಗಾಗಿ ಹೃದಯದ ಒಂದು ಭಾಗವನ್ನು ಅರೆಯದೆ ಉಳಿಸಿಕೊಂಡೆ. ಹೆಪ್ಪುಗಟ್ಟಿಸಿ ತೆಳ್ಳಗೆ ಕೊಯ್ದ ಒಂದು ಹೋಳಿಗೆ ಅದೇ ಪೆಪ್ಟೈಡ್ ಹಾಕಿ, ವಿಕಿರಣ ಬಿದ್ದಲ್ಲಿ ಕಪ್ಪಾಗುವ ಫಿಲ್ಮಿನ ಮೇಲೆ ಇಟ್ಟೆ. ಅದರ ಪಕ್ಕದ ಹೋಳಿಗೆ ಪಿಕ್ರೋಸಿರಿಯಸ್ ರೆಡ್ ಬಣ್ಣ ಹಾಕಿದೆ. ಕೊಲಾಜೆನ್ ಇದ್ದಲ್ಲೆಲ್ಲ ಅದು ಕೆಂಪಾಗುತ್ತದೆ. ವಯಸ್ಸಾದ ಇಲಿಗಳಲ್ಲಿ ಫಿಲ್ಮ್ ಹೆಚ್ಚು ಕಪ್ಪಾಗಿದ್ದದ್ದು ಆ ಕೆಂಪು ನಾರಿನ ಜಾಗದಲ್ಲೇ.