ಲ್ಯಾಪ್‌ಟಾಪ್ ಹುಬ್ಬಳ್ಳಿಯಲ್ಲಿ, ಮಾನಿಟರ್ ಜರ್ಮನಿಯಲ್ಲಿ

2025ರ ಮಳೆಗಾಲದಲ್ಲಿ ನನಗೆ ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಮಾಸ್ಟರ್ಸ್ ಸೀಟು ಖಾತ್ರಿಯಾಯಿತು. ಆಮೇಲೆ ಧಾರವಾಡದ ನಮ್ಮ ಮನೆಯಲ್ಲಿ ವೀಸಾಕ್ಕಿಂತ ಜಾಸ್ತಿ ಚರ್ಚೆ ನಡೆದದ್ದು ಲ್ಯಾಪ್‌ಟಾಪ್ ಬಗ್ಗೆ. ಬಿ.ಇ. ಮೊದಲ ವರ್ಷದಲ್ಲಿ ಕೊಂಡಿದ್ದ ಹಳೆಯದರ ಹಿಂಜ್ ಮುರಿದಿತ್ತು. ಬ್ಯಾಟರಿ ಅರ್ಧ ತಾಸೂ ನಿಲ್ಲುತ್ತಿರಲಿಲ್ಲ. ಹೊಸದು ಬೇಕೇ ಬೇಕು. ಇಲ್ಲೇ ಕೊಳ್ಳುವುದೋ, ಅಲ್ಲಿಗೆ ಹೋದ ಮೇಲೋ ಅನ್ನುವುದೇ ಪ್ರಶ್ನೆ.

"ಇಲ್ಲಿ ಯಾಕ ತಗೋತಿ? ಫಾರಿನ್‌ನಾಗ ಎಲ್ಲಾ ಸೋವಿ ಇರ್ತಾವು" ಎಂದರು ನಮ್ಮ ಕಾಕಾ. ಅವರದು ದುಬೈ ಲೆಕ್ಕ. ದುಬೈಯಲ್ಲಿ ಮಾರಾಟದ ಮೇಲಿನ ವ್ಯಾಟ್ ತೆರಿಗೆ ಶೇ. 5 ಮಾತ್ರ. ಜರ್ಮನಿಯಲ್ಲಿ ಅದು ಶೇ. 19. ನಮ್ಮಲ್ಲಿ ಲ್ಯಾಪ್‌ಟಾಪಿಗೆ ಜಿಎಸ್‌ಟಿ ಶೇ. 18. ಅಂದರೆ ತೆರಿಗೆಯಲ್ಲಿ ಉಳಿಯುವುದು ಏನೂ ಇಲ್ಲ. ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ತೆರಿಗೆ ತಿರುಗಿ ಕೊಡುತ್ತಾರಂತೆ ಎಂದೂ ಕಾಕಾ ಹೇಳಿದರು. ಅದು ಪ್ರವಾಸಕ್ಕೆ ಬಂದವರಿಗೆ. ಅಲ್ಲೇ ಮನೆ ಮಾಡಿ ಓದುವವರಿಗೆ ಆ ಸೌಲಭ್ಯ ಇಲ್ಲ.

ಬೆಲೆ ಹೋಲಿಸಲು ಕೂತಾಗ ಒಂದು ತೊಡಕು ಎದುರಾಯಿತು. ಅದೇ ಕಂಪನಿಯ ಅದೇ ಮಾಡೆಲ್ ಎರಡೂ ದೇಶದಲ್ಲಿ ಒಂದೇ ಹೆಸರಿನಲ್ಲಿ ಸಿಗುವುದಿಲ್ಲ. ಹಾಗಾಗಿ ಹೆಸರು ಬಿಟ್ಟು ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ನೋಡಿ ಹೋಲಿಸಿದೆ. ಹುಬ್ಬಳ್ಳಿ ಕೊಪ್ಪಿಕರ ರಸ್ತೆಯ ಅಂಗಡಿಯಲ್ಲಿ 72,000 ರೂಪಾಯಿ ಹೇಳಿದರು. ಜರ್ಮನಿಯ ವೆಬ್‌ಸೈಟುಗಳಲ್ಲಿ ಹೆಚ್ಚು ಕಡಿಮೆ ಅಂಥದ್ದೇ 799 ಯೂರೋ. ಆಗ ಯೂರೋ ನೂರು ರೂಪಾಯಿ ದಾಟಿತ್ತು. ಲೆಕ್ಕ ನೀವೇ ಹಾಕಿ. ಅಲ್ಲಿ ಇನ್ನೂ ಕಡಿಮೆ ಬೆಲೆಗೆ ಕಂಡ ಕೆಲವನ್ನು ಒತ್ತಿ ನೋಡಿದರೆ ವಿಂಡೋಸೇ ಇರಲಿಲ್ಲ. ಇಲ್ಲಿ ನನಗೆ ಸಿಕ್ಕಿದ್ದರಲ್ಲಿ ವಿಂಡೋಸ್ ಜೊತೆ ಎಂಎಸ್ ಆಫೀಸೂ ಬಂತು. ಮೌಸ್, ಬ್ಯಾಗು ಪುಕ್ಕಟೆ. ಅಪ್ಪ ಚೌಕಾಸಿ ಮಾಡಿ ಮತ್ತೆ ಒಂದು ಸಾವಿರ ಇಳಿಸಿದರು ಬಿಡಿ.

ಆದರೆ ಇಲ್ಲೇ ಕೊಳ್ಳಲು ನಿಜವಾದ ಕಾರಣ ಈ ಎಂಟೊಂಬತ್ತು ಸಾವಿರ ಅಲ್ಲ. ಮೊದಲ ತಿಂಗಳು ಕೈಯಲ್ಲಿ ಎಷ್ಟು ದುಡ್ಡು ಇರುತ್ತದೆ ಅನ್ನುವುದು.

ಜರ್ಮನಿಗೆ ಓದಲು ಹೋಗುವವರು ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು ಮೊದಲೇ ಇಡಬೇಕು. ನಾನು ಹೋಗುವಾಗ ಅದು 11,904 ಯೂರೋ. ದುಡ್ಡು ನಮ್ಮದೇ, ಆದರೆ ತಿಂಗಳಿಗೆ 992 ಯೂರೋಗಿಂತ ಜಾಸ್ತಿ ತೆಗೆಯಲು ಬರುವುದಿಲ್ಲ. ಆ 992 ಕೂಡ ಇಳಿದ ದಿನವೇ ಸಿಗುವುದಿಲ್ಲ. ಮೊದಲು ಅಲ್ಲೊಂದು ಸಾದಾ ಬ್ಯಾಂಕ್ ಖಾತೆ ತೆರೆಯಬೇಕು. ಅದರ ನಂಬರನ್ನು ಬ್ಲಾಕ್ಡ್ ಅಕೌಂಟಿನವರಿಗೆ ಕೊಡಬೇಕು. ಅದರ ನಡುವೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವ ಕೆಲಸ ಬೇರೆ, ಅದಕ್ಕೊಂದು ಅಪಾಯಿಂಟ್‌ಮೆಂಟ್. ಇದೆಲ್ಲ ಮುಗಿಯುವ ತನಕ ಊರಿಂದ ಒಯ್ದ ನಗದು ಮತ್ತು ಮೊದಲೇ ಯೂರೋ ತುಂಬಿಸಿಕೊಂಡ ಫಾರೆಕ್ಸ್ ಕಾರ್ಡೇ ಗತಿ. ಅದೇ ದುಡ್ಡಿನಲ್ಲಿ ರೂಮಿನ ಡಿಪಾಸಿಟ್ ಕಟ್ಟಬೇಕು. ಕಾನೂನು ಪ್ರಕಾರ ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಕೇಳಬಹುದು. ಸೆಮಿಸ್ಟರ್ ಶುಲ್ಕ, ವಿಮೆ, ಹಾಸಿಗೆ, ಪಾತ್ರೆ ಎಲ್ಲ ಆಗಲೇ. ಅದರ ನಡುವೆ 800 ಯೂರೋ ಲ್ಯಾಪ್‌ಟಾಪಿಗೆ ಹಾಕಿದರೆ ಊಟಕ್ಕೆ ಏನು ಉಳಿಯುತ್ತದೆ?

ಇನ್ನೊಂದು ಸಂಗತಿ ಎಷ್ಟೋ ಜನರಿಗೆ ಗೊತ್ತಿಲ್ಲ. ಶಿಕ್ಷಣ ಸಾಲದಲ್ಲಿ ಕಂಪ್ಯೂಟರಿನ ಬೆಲೆಯನ್ನೂ ಸೇರಿಸಬಹುದು. ಕೋರ್ಸಿಗೆ ಅದು ಬೇಕೆಂದು ತೋರಿಸಬೇಕು, ಅಷ್ಟೇ. ಬ್ಯಾಂಕುಗಳ ಮಾದರಿ ಸಾಲ ಯೋಜನೆಯಲ್ಲೇ ಇದಕ್ಕೆ ಜಾಗ ಇದೆ. ನಮ್ಮ ಬ್ಯಾಂಕಿನಲ್ಲಿ ಅಂಗಡಿಯ ಕೊಟೇಶನ್ ಕೇಳಿದರು, ಆಮೇಲೆ ಜಿಎಸ್‌ಟಿ ಬಿಲ್ ಕೇಳಿದರು. ಹುಬ್ಬಳ್ಳಿ ಅಂಗಡಿಯ ಕೊಟೇಶನ್ ತರುವುದು ಒಂದು ಮಧ್ಯಾಹ್ನದ ಕೆಲಸ. ಧಾರವಾಡ-ಹುಬ್ಬಳ್ಳಿ ನಡುವಿನ ಚಿಗರಿ ಬಸ್ ಹತ್ತಿ ಹೋಗಿ ಬಂದೆ.

ಕೊಂಡದ್ದು ಹೊರಡುವ ತಿಂಗಳ ಮೊದಲೇ. ಇದು ಬೇಕೆಂದೇ ಮಾಡಿದ್ದು. ಹೊಸ ಯಂತ್ರದಲ್ಲಿ ದೋಷ ಇದ್ದರೆ ಸಾಮಾನ್ಯವಾಗಿ ಮೊದಲ ವಾರಗಳಲ್ಲೇ ಗೊತ್ತಾಗುತ್ತದೆ. ನಾನು ಮೆಕ್ಯಾನಿಕಲ್, ಯಂತ್ರಗಳ ವಿನ್ಯಾಸ ಮಾಡುವ ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರ್ ಇಲ್ಲದೆ ನಡೆಯುವುದಿಲ್ಲ. ಅದು ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ಮ್ಯಾಕ್‌ಬುಕ್ ಮಾತೇ ಇರಲಿಲ್ಲ. ಅದರಲ್ಲಿ ಬಹಳಷ್ಟು ಬಿಡಿಭಾಗ ಜೋಡಿಸಿದ ದೊಡ್ಡ ವಿನ್ಯಾಸ ತೆರೆದು ತಾಸುಗಟ್ಟಲೆ ಓಡಿಸಿದೆ. ಫ್ಯಾನಿನ ಸದ್ದು, ಬಿಸಿ, ಸ್ಕ್ರೀನು, ಎಲ್ಲಾ ಪೋರ್ಟು ನೋಡಿಕೊಂಡೆ. ಹೊರಡುವ ಹಿಂದಿನ ದಿನ ಪ್ಯಾಕಿಂಗ್ ಒಡೆಯುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

ವಾರಂಟಿ ವಿಷಯದಲ್ಲಿ ಅಂಗಡಿಯವರ ಮಾತು ಸಾಲದು. "ಇಂಟರ್‌ನ್ಯಾಶನಲ್ ಐತ್ರಿ ಸರ, ಏನೂ ಚಿಂತಿ ಮಾಡಬ್ಯಾಡ್ರಿ" ಎಂದು ಅಪ್ಪನಿಗೆ ಹೇಳಿದರು. ಒಂದೇ ಕಂಪನಿಯ ದುಬಾರಿ ಬಿಸಿನೆಸ್ ಮಾಡೆಲಿಗೆ ಬೇರೆ ದೇಶದಲ್ಲಿ ಸರ್ವಿಸ್ ಇರಬಹುದು, ಅಗ್ಗದ ಮಾಡೆಲಿಗೆ ಕೊಂಡ ದೇಶದಲ್ಲಿ ಮಾತ್ರ ಇರಬಹುದು. ನಾನು ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಚಾಟಿನಲ್ಲಿ ಜರ್ಮನಿಯ ಬಗ್ಗೆ ಕೇಳಿ, ಆ ಉತ್ತರ ಉಳಿಸಿಕೊಂಡ ಮೇಲೇ ದುಡ್ಡು ಕೊಟ್ಟದ್ದು. ಈ ಒಂದು ವಿಷಯದಲ್ಲಿ ಅಲ್ಲಿ ಕೊಳ್ಳುವುದೇ ಮೇಲು, ಒಪ್ಪಲೇಬೇಕು. ಜರ್ಮನಿಯಲ್ಲಿ ಹೊಸ ವಸ್ತುವಿನಲ್ಲಿ ಮೊದಲಿಂದ ದೋಷ ಇದ್ದರೆ ಮಾರಿದವನೇ ಎರಡು ವರ್ಷ ಹೊಣೆ. ಆನ್‌ಲೈನ್‌ನಲ್ಲಿ ಕೊಂಡರೆ 14 ದಿನದೊಳಗೆ ಕಾರಣ ಹೇಳದೆ ವಾಪಸ್ ಕೊಡಬಹುದು. ನಮ್ಮಲ್ಲಿ ಡಬ್ಬಿ ತೆರೆದ ಮೇಲೆ ವಾಪಸ್ ಅಂದರೆ ಅಂಗಡಿಯವರ ಮುಖ ನೋಡಬೇಕು.

ಕೀಬೋರ್ಡ್ ಬಗ್ಗೆ ಯಾರೂ ಮೊದಲು ಯೋಚಿಸುವುದಿಲ್ಲ. ಜರ್ಮನಿಯಲ್ಲಿ ಅಂಗಡಿಗೆ ಹೋಗಿ ಕೊಂಡರೆ ಜರ್ಮನ್ ಕೀಬೋರ್ಡೇ ಬರುತ್ತದೆ. ವೈ ಇರುವ ಕಡೆ ಝಡ್, ಝಡ್ ಇರುವ ಕಡೆ ವೈ. ಈಮೇಲಿನ ಅಟ್ ಚಿಹ್ನೆಗೆ ಸ್ಪೇಸ್ ಕೀಲಿಯ ಬಲಕ್ಕಿರುವ ಆಲ್ಟ್‌ಜಿಆರ್ ಕೀಲಿ ಹಿಡಿದು ಕ್ಯೂ ಒತ್ತಬೇಕು. ಕೋಡ್ ಬರೆಯುವವರಿಗೆ ಬೇಕಾದ ಚೌಕ ಮತ್ತು ಪುಷ್ಪ ಆವರಣಗಳು 7, 8, 9, 0 ಕೀಲಿಗಳ ಹಿಂದೆ ಅಡಗಿವೆ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಪಾಸ್‌ವರ್ಡ್ ಹಾಕುವಾಗ ಈಗಲೂ ನನ್ನ ಬೆರಳು ತಪ್ಪುತ್ತದೆ. ಇಲ್ಲಿಂದ ಒಯ್ದ ಕೀಬೋರ್ಡಿನಲ್ಲಿ ಜರ್ಮನ್ ಅಕ್ಷರ ಬೇಕಾದರೆ ವಿಂಡೋಸಿನಲ್ಲಿ ಯುಎಸ್ ಇಂಟರ್‌ನ್ಯಾಶನಲ್ ಲೇಔಟ್ ಆರಿಸಿದರೆ ಸಾಕು.

ಕರೆಂಟ್ ಸಮಸ್ಯೆ ಅಲ್ಲವೇ ಅಲ್ಲ. ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ 120 ವೋಲ್ಟಿಗೂ ಅದೇ ಚಾರ್ಜರ್ ನಡೆಯುತ್ತದೆ, ಅದರ ಮೇಲೆ 100-240 ಎಂದು ಬರೆದಿದ್ದರೆ. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ. ಅದಕ್ಕೆ ದೊಡ್ಡ ಅಡಾಪ್ಟರ್ ಬೇಡ. ಗೋಡೆಯಿಂದ ಚಾರ್ಜರ್‌ವರೆಗಿನ ವೈರ್ ಬಿಚ್ಚಿ ಬರುವಂಥದ್ದಾದರೆ ಆ ವೈರ್ ಒಂದನ್ನೇ ಅಲ್ಲಿ ಕೊಂಡರೆ ಆಯಿತು. ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಹಾಗೇ ಕೂರುತ್ತದೆ.

ವಿಮಾನದಲ್ಲಿ ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬ ಅಳತೆ) ತನಕದ ಬ್ಯಾಟರಿಗೆ ಯಾರ ಅನುಮತಿಯೂ ಬೇಡ. ಸಾಮಾನ್ಯ ಲ್ಯಾಪ್‌ಟಾಪುಗಳು ಅದರೊಳಗೇ ಇರುತ್ತವೆ. ಅವ್ವನಿಗೆ ಕಸ್ಟಮ್ಸ್ ಹೆದರಿಕೆ ಇತ್ತು. ಐರೋಪ್ಯ ಒಕ್ಕೂಟದ 2009ರ ಸುಂಕ ವಿನಾಯಿತಿ ನಿಯಮದಲ್ಲಿ ಓದಲು ಬರುವ ವಿದ್ಯಾರ್ಥಿಗಳ ಸಾಮಾನಿಗೆ ವಿನಾಯಿತಿ ಇದೆ. ಅದರಲ್ಲಿ ಉದಾಹರಣೆಗೆ ಕ್ಯಾಲ್ಕುಲೇಟರ್, ಟೈಪ್‌ರೈಟರ್ ಎಂದು ಬರೆದಿದ್ದಾರೆ! ಟೈಪ್‌ರೈಟರ್ ಹೊತ್ತು ಬರುವವರು ಯಾರೋ ಗೊತ್ತಿಲ್ಲ. ನನ್ನನ್ನು ಯಾರೂ ತಡೆಯಲಿಲ್ಲ. ಬಿಲ್ ಮಾತ್ರ ಜೊತೆಗಿಟ್ಟಿದ್ದೆ. ವಾಪಸ್ ಬರುವಾಗಲೂ 18 ವರ್ಷ ದಾಟಿದವರು ಒಂದು ಲ್ಯಾಪ್‌ಟಾಪನ್ನು ಸುಂಕ ಇಲ್ಲದೆ ಭಾರತಕ್ಕೆ ತರಬಹುದು.

ಗದಗಿನ ನನ್ನ ಗೆಳೆಯ ಅದೇ ಸೆಮಿಸ್ಟರಿಗೆ ಬಂದ. ಅವನು ಕೊಳ್ಳಲಿಲ್ಲ, ಅವನ ಲೆಕ್ಕವೂ ಸರಿಯೇ. ಅವನ ಹಳೆಯ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿತ್ತು. ಅದನ್ನೇ ತಂದು ಮೊದಲ ತಿಂಗಳುಗಳನ್ನು ದಾಟಿಸಿದ. ಬ್ಯಾಂಕ್ ಖಾತೆ ಆಗಿ, ರೂಮು ಸಿಕ್ಕಿ, ಕೋರ್ಸಿಗೆ ಏನು ಬೇಕೆಂದು ತಿಳಿದ ಮೇಲೆ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ರಿಯಾಯಿತಿಯಲ್ಲಿ ಕೊಂಡ. ಅದೂ ಕಂಪನಿಗಳು ಬಳಸಿ ಬಿಟ್ಟ, ರಿಪೇರಿ ಮಾಡಿ ವಾರಂಟಿ ಕೊಟ್ಟು ಮಾರುವ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್. ಅಂಥವು ಅಲ್ಲಿ ಬೇಕಾದಷ್ಟು ಸಿಗುತ್ತವೆ. ಕೈಯಲ್ಲಿ ಓಡುವ ಯಂತ್ರ ಇದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಮಾನಿಟರ್ ಮಾತ್ರ ನಾನು ಇಲ್ಲಿಂದ ಒಯ್ಯಲಿಲ್ಲ. ಅಪ್ಪನಿಗೆ ಅದನ್ನೂ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಡುವ ಉಮೇದು ಇತ್ತು. ಓದು ಮುಗಿಸಿ ಊರು ಬಿಡುವ ಸೀನಿಯರ್‌ಗಳು ಸೆಮಿಸ್ಟರ್ ಕೊನೆಯಲ್ಲಿ ಮಾನಿಟರ್, ಕುರ್ಚಿ, ಟೇಬಲ್ ಎಲ್ಲ ಸಿಕ್ಕ ಬೆಲೆಗೆ ಮಾರುತ್ತಾರೆ. ನನಗೆ 24 ಇಂಚಿನದು 40 ಯೂರೋಗೆ ಸಿಕ್ಕಿತು, ಎಚ್‌ಡಿಎಂಐ ಕೇಬಲ್ ಸಮೇತ.