ಹೊಸಬರಿಗೆ ಮಾರ್ಗದರ್ಶಿ: ಕಾರವಾರದ ಮನೆಯಲ್ಲಿ ಇದ್ದಕ್ಕಿದ್ದಂತೆ ಇಂಟರ್ನೆಟ್ ಹೋದರೆ

ಕೈಗಾಕ್ಕೋ, ಅರ್ಗಾದ ನೌಕಾನೆಲೆಗೋ, ಬ್ಯಾಂಕಿಗೋ ವರ್ಗವಾಗಿ ಕಾರವಾರಕ್ಕೆ ಬಂದವರು ಮೊದಲ ತಿಂಗಳು ನಮ್ಮ ಸಂಘದವರನ್ನು ಕೇಳುವುದು ಬಾಡಿಗೆ ಮನೆ, ಶಾಲೆ, ಗ್ಯಾಸು, ಒಳ್ಳೆ ಮೀನು ಎಲ್ಲಿ ಸಿಗುತ್ತದೆ ಅಂತ. ಮಳೆಗಾಲ ಶುರುವಾದ ಮೇಲೆ ಪ್ರಶ್ನೆ ಬೇರೆ. ಕಂಪ್ಯೂಟರಿನಲ್ಲಿ ಈಗ ತಾನೇ ನೆಟ್ ಇತ್ತು, ಈಗ ಇಲ್ಲ, ಯಾರನ್ನು ಕರೆಯಬೇಕು?

ಕರೆಯುವ ಮೊದಲು ತೊಂದರೆ ಎಲ್ಲಿದೆ ಅಂತ ನೀವೇ ನೋಡಿಕೊಳ್ಳಿ. ಕಂಪ್ಯೂಟರಿನಲ್ಲಾ, ರೂಟರಿನಲ್ಲಾ, ಹೊರಗಿನ ಕೇಬಲ್ಲಿನಲ್ಲಾ, ಇಲ್ಲ ಇಡೀ ಏರಿಯಾಕ್ಕೇ ಹೋಗಿದೆಯಾ? ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಕಂಪ್ಯೂಟರ್ ವಿದ್ಯೆಯೂ ಬೇಡ. ಮಳೆಗಾಲದಲ್ಲಿ ಇಲ್ಲಿ ಲೈನ್ ರಿಪೇರಿಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. "ನೆಟ್ ಬರ್ತಿಲ್ಲ" ಅಂತಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಎಲ್‌ಓಎಸ್ (LOS, ಲೈನಿನಲ್ಲಿ ಬೆಳಕು ಬರುತ್ತಿಲ್ಲ ಅಂತ ತೋರಿಸುವ) ದೀಪ ಕೆಂಪಾಗಿದೆ, ಬೆಳಗ್ಗೆ ಕೇಬಲ್ ಮೇಲೆ ತೆಂಗಿನ ಮಡಲು ಬಿದ್ದಿದೆ" ಅಂದರೆ ಫೈಬರ್ (ನೆಟ್ ತರುವ ಗಾಜಿನ ಎಳೆ) ಜೋಡಿಸುವ ಮಷಿನ್ ಹಿಡಿದುಕೊಂಡೇ ಬರುತ್ತಾರೆ, ಎರಡು ಸಲ ಓಡಾಡುವುದು ತಪ್ಪುತ್ತದೆ.

ಮೊದಲು ಅದೇ ವೈಫೈಗೆ ಸೇರಿಸಿರುವ ಮೊಬೈಲ್ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ, ಆಮೇಲೆ ಯಾವುದಾದರೂ ಸೈಟ್ ತೆಗೆದು ನೋಡಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ವೈಫೈ ಸತ್ತಿದ್ದರೂ ಫೋನು ಸುಮ್ನೆ ಸಿಮ್‌ನಿಂದ ನೆಟ್ ಎಳೆದುಕೊಂಡು ಎಲ್ಲ ಸರಿಯಾಗಿದೆ ಅಂತ ತೋರಿಸುತ್ತದೆ. ಮೊಬೈಲಿನಲ್ಲಿ ಬಂತಾ? ಹಾಗಾದರೆ ಲೈನು ಸರಿ ಇದೆ, ತೊಂದರೆ ಕಂಪ್ಯೂಟರಿನದ್ದೇ. ಮೊಬೈಲಿನಲ್ಲೂ ಬರಲಿಲ್ಲ ಅಂದರೆ ಕಂಪ್ಯೂಟರ್ ಬಿಟ್ಟು ಗೋಡೆಯ ಮೇಲಿರುವ ಫೈಬರ್ ಪೆಟ್ಟಿಗೆಯ ಹತ್ತಿರ ಹೋಗಿ.

ಆ ಪೆಟ್ಟಿಗೆಯ ದೀಪಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಪವರ್ ದೀಪವೇ ಇಲ್ಲದಿದ್ದರೆ ಅಡಾಪ್ಟರ್ ಹೋಗಿದೆ, ಇಲ್ಲ ಪ್ಲಗ್ಗಿನಲ್ಲಿ ಕರೆಂಟಿಲ್ಲ. ಪಾನ್ (PON) ಅಂತ ಬರೆದಿರುವ ದೀಪ ಮಿನುಗದೆ ಹಸಿರಾಗಿ ಉರಿಯುತ್ತಿದ್ದರೆ ಫೈಬರ್ ಎಕ್ಸ್‌ಚೇಂಜಿನವರೆಗೆ (ಕಂಪನಿಯ ಕೇಂದ್ರದವರೆಗೆ) ಸರಿಯಾಗಿದೆ. ಅದು ಮಿನುಗುತ್ತಲೇ ಇದ್ದರೆ ಪೆಟ್ಟಿಗೆ ಎಕ್ಸ್‌ಚೇಂಜಿನ ಜೊತೆ ಸಂಪರ್ಕಕ್ಕೆ ಒದ್ದಾಡುತ್ತಿದೆ. ಎಲ್‌ಓಎಸ್ ಕೆಂಪಾಗಿ ಮಿನುಗಿದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಕೇಬಲ್ ಎಲ್ಲೋ ತುಂಡಾಗಿದೆ, ಇಲ್ಲ ಜಾಸ್ತಿ ಬಗ್ಗಿದೆ, ಇಲ್ಲ ಪೆಟ್ಟಿಗೆಯ ಕೆಳಗಿನ ಹಸಿರು ಪಿನ್ ಸಡಿಲವಾಗಿದೆ. ಪಾನ್ ಸರಿಯಾಗಿದ್ದು ಇಂಟರ್ನೆಟ್ ದೀಪ ಮಾತ್ರ ಆರಿದ್ದರೆ ಅಥವಾ ಕೆಂಪಾಗಿದ್ದರೆ ಕೇಬಲ್ಲಿನ ತಪ್ಪಲ್ಲ. ಲಾಗಿನ್ ಆಗಿಲ್ಲ ಅಂತ ಅರ್ಥ, ಬಹಳ ಸಲ ಬಿಲ್ಲಿನ ತಾರೀಖು ಮುಗಿದಿರುತ್ತದೆ. ಮೊದಲು ಅದನ್ನೇ ನೋಡಿಕೊಳ್ಳಿ. ಎಲ್ಲಾ ಸರಿ ಇರುವ ದಿನ ಈ ದೀಪಗಳ ಒಂದು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ದೀಪದ ಹೆಸರು ಸ್ವಲ್ಪ ಬೇರೆ ಇರುತ್ತದೆ, ಫೋಟೋ ಇದ್ದರೆ ಹೋಲಿಸಿ ನೋಡಬಹುದು.

ಬಿಲ್ ಕಟ್ಟಿದೆ, ಎಲ್‌ಓಎಸ್ ಕೆಂಪಿಲ್ಲ, ಆದರೂ ನೆಟ್ ಇಲ್ಲ ಅಂದರೆ ಪೆಟ್ಟಿಗೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ, ಐದು ನಿಮಿಷ ಮುಟ್ಟದೆ ಕಾಯಿರಿ. ರೂಟರ್ ಬೇರೆಯಾಗಿದ್ದರೆ ಮೊದಲು ಫೈಬರ್ ಪೆಟ್ಟಿಗೆ, ಅದರ ದೀಪ ನಿಂತ ಮೇಲೆ ರೂಟರ್. ಒಂದು ಮಾತು ಗಟ್ಟಿಯಾಗಿ ಹೇಳುತ್ತೇವೆ: ಹಿಂದೆ ಇರುವ ಚಿಕ್ಕ ರಂಧ್ರಕ್ಕೆ ಪಿನ್ ಚುಚ್ಚಿ ರೀಸೆಟ್ ಮಾಡಬೇಡಿ. ಆರಿಸಿ ಹಾಕುವುದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕಂಪನಿಯವರು ಒಳಗೆ ಹಾಕಿಟ್ಟ ಯೂಸರ್ ನೇಮ್, ಪಾಸ್‌ವರ್ಡ್, ಉಳಿದ ಸೆಟ್ಟಿಂಗು ಎಲ್ಲ ಅಳಿಸಿ ಹೋಗಬಹುದು, ಚಿಕ್ಕ ತೊಂದರೆಗೂ ಆಮೇಲೆ ಅವರೇ ಮನೆಗೆ ಬರಬೇಕಾಗುತ್ತದೆ. ಕನೆಕ್ಷನ್ ಕೊಟ್ಟ ದಿನವೇ ಆ ಯೂಸರ್ ನೇಮ್, ಪಾಸ್‌ವರ್ಡ್ ಬರೆಸಿಕೊಳ್ಳಿ. ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಮಳೆ, ಗಾಳಿ, ಸಿಡಿಲು

ಬಯಲುಸೀಮೆಯಿಂದ ಬಂದವರಿಗೆ ಇದು ಹೊಸದು. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಫೈಬರ್ ಕೇಬಲ್ ಬಹಳ ಕಡೆ ಕಂಬದಿಂದ ಕಂಬಕ್ಕೆ, ತೆಂಗಿನ ಮರಗಳ ನಡುವೆಯೇ ಹಾದು ಬರುತ್ತದೆ. ಗಾಳಿಗೆ ಮಡಲು ಬೀಳುತ್ತದೆ, ಕೊಂಬೆ ಮುರಿಯುತ್ತದೆ. ಕದ್ರಾ, ಮಲ್ಲಾಪುರ ಕಡೆ ಕಾಡಿನಂಚಿನ ಮನೆಗಳಿಗೆ ಮಂಗಗಳ ಕಾಟ ಬೇರೆ, ಕೇಬಲ್ ಹಿಡಿದು ಜೋತಾಡುತ್ತವೆ. ಹಂಚಿನ ಮನೆಯಾದರೆ ಅಟ್ಟದ ಮೇಲೆ ಹಾದುಹೋಗುವ ಕೇಬಲ್ಲನ್ನು ಇಲಿ ಕಡಿಯುತ್ತದೆ. ಎಲ್‌ಓಎಸ್ ಕೆಂಪಾದಾಗ ಹೊರಗೆ ಬಂದು ಕೇಬಲ್ ದಾರಿಯನ್ನು ಕಣ್ಣಿನಲ್ಲೇ ನೋಡಿ. ಕೈ ಹಾಕಬೇಡಿ. ಅದೇ ಕಂಬದಲ್ಲಿ ಹೆಸ್ಕಾಂನ ಕರೆಂಟಿನ ತಂತಿಯೂ ಇರುತ್ತದೆ, ಯಾವುದು ಯಾವುದಕ್ಕೆ ತಾಗಿದೆ ಅಂತ ಕೆಳಗೆ ನಿಂತು ಹೇಳಲು ಆಗುವುದಿಲ್ಲ. ಕರೆಂಟಿನ ತಂತಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ, ಮಕ್ಕಳನ್ನು ಒಳಗೆ ಕಳಿಸಿ. ತುಂಡಾದ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಅದರ ಬೆಳಕು ಕಣ್ಣಿಗೆ ಕಾಣದ ಲೇಸರ್.

ಸಿಡಿಲಿನ ಕಾಲ ಏಪ್ರಿಲ್, ಮೇ ಸಂಜೆಗಳು, ಮತ್ತೆ ಅಕ್ಟೋಬರ್. ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಹಳೆ ತಾಮ್ರದ ಟೆಲಿಫೋನ್ ಲೈನಿನಷ್ಟು ಭಯ ಇಲ್ಲ. ಆದರೆ ಪೆಟ್ಟಿಗೆಯ ಅಡಾಪ್ಟರ್ ಕರೆಂಟಿಗೇ ಸಿಕ್ಕಿಸಿದೆ ಅಲ್ವಾ? ಸಿಡಿಲು ಆ ದಾರಿಯಿಂದ ಬರುತ್ತದೆ, ಪೆಟ್ಟಿಗೆಯಿಂದ ಲ್ಯಾನ್ ವೈರ್ ಹಿಡಿದು ಕಂಪ್ಯೂಟರಿಗೂ ಹೋಗುತ್ತದೆ. ಗುಡುಗು ದೂರದಲ್ಲಿ ಕೇಳಿಸುವಾಗಲೇ ಅಡಾಪ್ಟರನ್ನೂ ಲ್ಯಾನ್ ವೈರನ್ನೂ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಗುಡುಗು ತಲೆಯ ಮೇಲೇ ಬಂದಿದ್ದರೆ ಮಾತ್ರ ಯಾವುದನ್ನೂ ಮುಟ್ಟಬೇಡಿ. ಸಿಡಿಲಿನ ಮರುದಿನ ವೈಫೈ ಬಂದು ಲ್ಯಾನ್ ವೈರಿನಲ್ಲಿ ಮಾತ್ರ ನೆಟ್ ಬರದಿದ್ದರೆ ಆ ಪೋರ್ಟ್ (ವೈರ್ ಸಿಕ್ಕಿಸುವ ಜಾಗ) ಸುಟ್ಟಿರಬಹುದು, ಪೆಟ್ಟಿಗೆಯ ಇನ್ನೊಂದು ಪೋರ್ಟಿಗೆ ಹಾಕಿ ನೋಡಿ.

ಸಮುದ್ರದ ಉಪ್ಪುಗಾಳಿಯೂ ಇದೆ. ಕೋಡಿಬಾಗ, ಬೈತಖೋಲ ಕಡೆ ದಡಕ್ಕೆ ಹತ್ತಿರ ಇರುವ ಮನೆಗಳಲ್ಲಿ ಲ್ಯಾನ್ ವೈರಿನ ತುದಿಯ ತಗಡು ಮಂಕಾಗಿ ಹಸಿರು ಬಣ್ಣಕ್ಕೆ ತಿರುಗುತ್ತದೆ, ನೆಟ್ ಬರುತ್ತದೆ, ಹೋಗುತ್ತದೆ. ಎರಡು ಮೂರು ಸಲ ತೆಗೆದು ಹಾಕಿದರೆ ಸದ್ಯಕ್ಕೆ ಸರಿಯಾಗುತ್ತದೆ, ಖಾಯಂ ಆಗಬೇಕೆಂದರೆ ಹೊಸ ವೈರ್ ಹಾಕಿ. ಇನ್ನು ಚಿರೆಕಲ್ಲಿನ ದಪ್ಪ ಗೋಡೆ. ಹಾಲಿನಲ್ಲಿ ರೂಟರ್ ಇಟ್ಟು ಒಳಕೋಣೆಯಲ್ಲಿ ಕಂಪ್ಯೂಟರ್ ಇಟ್ಟರೆ 5 ಗಿಗಾಹರ್ಟ್ಸ್ ವೈಫೈ ಎರಡು ಗೋಡೆ ದಾಟುವುದು ಕಷ್ಟ. ಅಲ್ಲಿ ವೈಫೈ ಪಟ್ಟಿಯಲ್ಲಿ 2.4 ಗಿಗಾಹರ್ಟ್ಸ್ ಹೆಸರಿನದ್ದನ್ನೇ ಆಯ್ದುಕೊಳ್ಳಿ. ವೇಗ ಕಡಿಮೆ, ಆದರೆ ಕೋಣೆಯವರೆಗೆ ಮುಟ್ಟುತ್ತದೆ.

ಕಂಪ್ಯೂಟರಿನದ್ದೇ ತೊಂದರೆ ಆದರೆ

ಏರೋಪ್ಲೇನ್ ಮೋಡ್ ಆನ್ ಆಗಿದೆಯಾ, ಪಕ್ಕದ ಮನೆಯ ವೈಫೈಗೆ ಸೇರಿಕೊಂಡಿದೆಯಾ ನೋಡಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸಾಫ್ಟ್‌ವೇರ್) ಆಫ್ ಮಾಡಿ ನೋಡಿ. ಆದರೂ ಇಲ್ಲ ಅಂದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗಕ್ಕೆ ಹೋಗಿ, ನಿಮ್ಮ ಕನೆಕ್ಷನ್ನಿನ ಪ್ರಾಪರ್ಟೀಸ್ ತೆಗೆದು, ಐಪಿವಿ4 (IPv4) ವಿಳಾಸ, ಅಂದರೆ ರೂಟರ್ ಕಂಪ್ಯೂಟರಿಗೆ ಕೊಡುವ ನಂಬರು, ನೋಡಿ. ಮನೆಯ ರೂಟರುಗಳಲ್ಲಿ ಅದು ಸಾಮಾನ್ಯವಾಗಿ 192.168 ಅಂತ ಶುರುವಾಗುತ್ತದೆ. 169.254 ಅಂತ ಇದ್ದರೆ ರೂಟರ್ ಈ ಕಂಪ್ಯೂಟರಿಗೆ ವಿಳಾಸವನ್ನೇ ಕೊಟ್ಟಿಲ್ಲ. ಆಗ ಆ ವೈಫೈಯನ್ನು ಫರ್ಗೆಟ್ ಮಾಡಿ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ, ಲ್ಯಾನ್ ಆದರೆ ವೈರ್ ಬದಲಾಯಿಸಿ ನೋಡಿ.

ವಿಳಾಸ ಸರಿ ಇದ್ದೂ ಸೈಟ್ ತೆರೆಯದಿದ್ದರೆ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆಗೆಯಿರಿ. ಪಿಂಗ್ (ping) ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, 8.8.8.8 ಅಂತ ಹೊಡೆದು ಎಂಟರ್ ಒತ್ತಿ. ಉತ್ತರ ಬಂದರೆ ಲೈನು ಬದುಕಿದೆ. ಸೈಟಿನ ಹೆಸರನ್ನು ನಂಬರಿಗೆ ಬದಲಿಸುವ ಡಿಎನ್‌ಎಸ್ ಮಾತ್ರ ಕೆಲಸ ಮಾಡುತ್ತಿಲ್ಲ. ಅದೇ ಪ್ರಾಪರ್ಟೀಸ್ ಜಾಗದಲ್ಲಿ ಡಿಎನ್‌ಎಸ್ ಅನ್ನು ಮ್ಯಾನ್ಯುಯಲ್ ಮಾಡಿ 8.8.8.8 ಮತ್ತು 1.1.1.1 ಹಾಕಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹಳೆ ಡೆಸ್ಕ್‌ಟಾಪ್ ಇರುವವರು ಇನ್ನೊಂದು ನೋಡಬೇಕು. ಕರೆಂಟ್ ಹೋಗಿ ಬಂದ ಮೇಲೆ ಎಲ್ಲಾ ಸೈಟುಗಳೂ ಸುರಕ್ಷಿತವಲ್ಲ ಅಂತ ಎಚ್ಚರಿಕೆ ತೋರಿಸುತ್ತವೆ, ನೆಟ್ಟೇ ಹಾಳಾಯಿತು ಅನಿಸುತ್ತದೆ. ಮೂಲೆಯಲ್ಲಿರುವ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದು ತೋರಿಸುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ಬಟನ್ ಸೆಲ್ ಮುಗಿದಿದೆ. ಸೈಟುಗಳ ಸರ್ಟಿಫಿಕೇಟಿಗೆ (ಸೈಟು ಅಸಲಿ ಅಂತ ಹೇಳುವ ಗುರುತಿಗೆ) ಅವಧಿ ಇರುತ್ತದೆ, ಕಂಪ್ಯೂಟರಿನ ತಾರೀಖು ತಪ್ಪಾದರೆ ಬ್ರೌಸರ್ ಅವನ್ನು ನಂಬುವುದಿಲ್ಲ. ತಾರೀಖು ಸರಿಮಾಡಿ, ಸಿಆರ್2032 ಸೆಲ್ ಹಾಕಿಸಿ. ಕಡಿಮೆ ಖರ್ಚಿನ ಕೆಲಸ. ಇದು ಗೊತ್ತಿಲ್ಲದೆ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡಬೇಡಿ.

ಯಾವುದೂ ನಡೆಯದಿದ್ದರೆ ಕೊನೆಗೆ ನೆಟ್‌ವರ್ಕ್ ರೀಸೆಟ್ ಅಂತ ಅದೇ ಸೆಟ್ಟಿಂಗ್ಸ್‌ನಲ್ಲಿದೆ. ಇದು ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗನ್ನು ಮಾತ್ರ ಹೊಸದಾಗಿ ಮಾಡುತ್ತದೆ, ಫೈಲುಗಳಿಗೆ ಏನೂ ಆಗುವುದಿಲ್ಲ. ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕಾಗುತ್ತದೆ.

ದೂರು ಕೊಡುವಾಗ

ಕಸ್ಟಮರ್ ಕೇರ್ ನಂಬರನ್ನು ಬಿಲ್ಲಿನಿಂದ, ಇಲ್ಲ ಕಂಪನಿಯ ಆ್ಯಪ್‌ನಿಂದ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕ ನಂಬರಿಗೆ ಮಾಡಬೇಡಿ. ಸುಳ್ಳು ನಂಬರ್ ಹಾಕಿ ಕಾಯುವವರು ಇದ್ದಾರೆ. ನೆಟ್ ಸರಿಮಾಡುತ್ತೇವೆ, ಒಂದು ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ, ಹತ್ತು ರೂಪಾಯಿ ಕಳಿಸಿ ಅನ್ನುತ್ತಾರೆ. ಲೈನ್ ರಿಪೇರಿಗೆ ನಿಮ್ಮ ಬ್ಯಾಂಕಿನ ಒಟಿಪಿ ಯಾಕೆ ಬೇಕು? ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಹೇಳಿದಷ್ಟೂ ಹಣ ತಡೆಯಲು ದಾರಿ ಹೆಚ್ಚು. ಮನೆಯಲ್ಲಿ ಅಪ್ಪ, ಅಮ್ಮ, ವಯಸ್ಸಾದವರಿದ್ದರೆ ಈ ಮಾತನ್ನು ಅವರಿಗೂ ಕೂತು ಹೇಳಿ.

ದೂರು ಕೊಟ್ಟ ಮೇಲೆ ನಂಬರ್ ಬರೆದಿಟ್ಟುಕೊಳ್ಳಿ, ಅಕ್ಕಪಕ್ಕದವರನ್ನೂ ಕೇಳಿ. ಎಲ್ಲರಿಗೂ ಹೋಗಿದ್ದರೆ ಹೆದ್ದಾರಿ ಬದಿಯ ದೊಡ್ಡ ಕೇಬಲ್ಲೇ ತುಂಡಾಗಿರಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಜೀವ ಕಳೆದುಕೊಂಡರು, ರಾಷ್ಟ್ರೀಯ ಹೆದ್ದಾರಿ (ಎನ್‌ಎಚ್ 66) ದಿನಗಟ್ಟಲೆ ಬಂದಾಯಿತು. ಅಂಥ ಹೊತ್ತಿನಲ್ಲಿ ರಿಪೇರಿಯವರು ಬರಲೂ ದಾರಿ ಇರುವುದಿಲ್ಲ. ಅದಕ್ಕೇ ಮಳೆಗಾಲಕ್ಕೆ ಮುಂಚೆ, ಕರೆಂಟ್ ಹೋದಾಗಲೂ ರೂಟರ್ ನಡೆಯಲು ಬ್ಯಾಟರಿ ಇರುವ ಒಂದು ಮಿನಿ ಯುಪಿಎಸ್ ತೆಗೆದುಕೊಳ್ಳಿ (ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಿದೆಯಾ ನೋಡಿ, ಯುಪಿಎಸ್ಸೂ ಅಷ್ಟೇ ವೋಲ್ಟಿನದಿರಬೇಕು), ಜೊತೆಗೆ ಮನೆಯ ಇಂಟರ್ನೆಟ್ಟಿನ ಕಂಪನಿ ಬಿಟ್ಟು ಬೇರೆ ಕಂಪನಿಯ ಒಂದು ಸಿಮ್ ಇಟ್ಟುಕೊಳ್ಳಿ. ಮಕ್ಕಳ ಅರ್ಜಿ, ಆನ್‌ಲೈನ್ ಪರೀಕ್ಷೆ ಇದ್ದ ದಿನ ಹಾಟ್‌ಸ್ಪಾಟ್ ಹಾಕಿ ಕಂಪ್ಯೂಟರಿಗೆ ಕೊಡಬಹುದು.

ಸದಾಶಿವಗಡ, ಮಾಜಾಳಿ ಕಡೆ ಇರುವವರಿಗೆ ಇದರಲ್ಲೂ ಒಂದು ಸೂಚನೆ. ಅಲ್ಲಿ ಫೋನು ಕೆಲವೊಮ್ಮೆ ಗೋವಾ ಟವರ್ ಹಿಡಿಯುತ್ತದೆ, ಕಾಲ್ ಬರುತ್ತದೆ, ಡೇಟಾ ಬರುವುದಿಲ್ಲ. ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ ನೋಡಿ. ಆಗಲೂ ಬರದಿದ್ದರೆ ಆಟೋಮ್ಯಾಟಿಕ್ ನೆಟ್‌ವರ್ಕ್ ತೆಗೆದು, ಪಟ್ಟಿಯಲ್ಲಿ ನಿಮ್ಮ ಕಂಪನಿಯ ಹೆಸರನ್ನೇ ಕೈಯಾರೆ ಆಯ್ದುಕೊಳ್ಳಿ.